ಇನ್ನೂರಾ ಹನ್ನೆರಡನೇ ಸಾಲಿನ ಆರೋಪಿ

ತುಳಸಾ ಸಿದ್ದಿಯ ಉದ್ಯೋಗ ಸಂಶಯ ಪಡುವುದು. ಸಂಬಳ ಕೊಟ್ಟು ಸಂಶಯ ಪಡಿಸುವ ಜಾಗಗಳು ದಾಂಡೇಲಿಯಲ್ಲಿ ಆಗ, ಅಂದರೆ ಎರಡು ಸಾವಿರದ ಎರಡನೇ ಇಸವಿಯಲ್ಲಿ, ಎರಡೇ ಇದ್ದವು. ಒಂದು ಪೊಲೀಸ್ ಠಾಣೆ, ಇನ್ನೊಂದು ಪರಸಪ್ಪ ಸಾಹೇಬರ ಕಾರ್ಖಾನೆ. ಠಾಣೆಯಲ್ಲಿ ಮನುಷ್ಯರ ಮೇಲೆ ಸಂಶಯ. ಇಲ್ಲಿ ಮನುಷ್ಯರು ಬರೆದದ್ದರ ಮೇಲೆ.

ಕಾರ್ಖಾನೆ ಅನ್ನುವುದು ದೊಡ್ಡ ಮಾತು. ನಾಟಾ ಡಿಪೋದ ಹಿಂದಿನ ರಸ್ತೆಯಲ್ಲಿ ಒಂದು ಉದ್ದನೆಯ ಹಂಚಿನ ಮನೆ, ಒಳಗೆ ಆರು ಕಂಪ್ಯೂಟರು, ಗೋಡೆಗುಂಟ ತಗಡಿನ ಡಬ್ಬಿಗಳು. ದೊಡ್ಡ ದೊಡ್ಡ ಯಂತ್ರಗಳಿಗೆ ಯಾವಾಗ ಬಿಸಿಯಾಗಬೇಕು, ಯಾವಾಗ ತಣ್ಣಗಾಗಬೇಕು ಎಂದು ಬುದ್ಧಿ ಹೇಳುವ ಡಬ್ಬಿಗಳು ಅವು. ಊರವರು ಅದನ್ನು ಡಬ್ಬಿ ಫ್ಯಾಕ್ಟರಿ ಎಂದೇ ಕರೆಯುತ್ತಿದ್ದರು. ಪರಸಪ್ಪ ಸಾಹೇಬರಿಗೆ ಆ ಹೆಸರು ಸೇರುತ್ತಿರಲಿಲ್ಲ, ಆದರೆ ಆಟೋದವರಿಗೆ ದಾರಿ ಹೇಳುವಾಗ ಅವರೂ ಅದನ್ನೇ ಹೇಳುತ್ತಿದ್ದರು.

ಪುಣೆಯ ಒಂದು ಕಂಪನಿ ಹೊಸ ಡಿಬಗ್ಗರ್ ಮಾಡಿ, ಪರೀಕ್ಷಿಸಿ ಕೊಡಿ ಎಂದು ಇವರಿಗೆ ಕಳಿಸಿತ್ತು. ಪ್ರೋಗ್ರಾಮಿನ ತಪ್ಪಿಗೆ ಬಗ್ ಅನ್ನುತ್ತಾರೆ. ಬಗ್ ಎಲ್ಲಿ ಬಗ್ಗಿ ಕೂತಿದ್ದರೂ ಬಗ್ಗಿ ನೋಡಿ ಹಿಡಿಯುವುದು ಡಿಬಗ್ಗರಿನ ಕಸುಬು. ಹಿಡಿಯುವಾಗ ಅದೇ ಎಲ್ಲಾದರೂ ಮುಗ್ಗರಿಸುತ್ತದೋ ಎಂದು ನೋಡುವುದು ತುಳಸಾಳ ಕಸುಬು. ಕಳ್ಳನನ್ನು ಹಿಡಿಯುವ ಪೊಲೀಸನ ಹಿಂದೆ ಬಿಟ್ಟ ಪೊಲೀಸು ಅಂದುಕೊಳ್ಳಿ. ಹಳಿಯಾಳದ ಕಡೆಯ ಹಳ್ಳಿಯಿಂದ ಬಂದು, ಡಿಪ್ಲೊಮಾ ಮುಗಿಸಿ, ಒಂಬತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತವಳಿಗೆ ಈ ಕೆಲಸ ನೀರು ಕುಡಿದಷ್ಟು ಸರಾಗ.

ಅವಳು ಪರೀಕ್ಷೆ ಮಾಡುತ್ತಿದ್ದದ್ದು ಮುಖ್ಯವಾಗಿ ಎರಡು ಸಂಗತಿ. ಒಂದು ಬ್ರೇಕ್‌ಪಾಯಿಂಟ್. ಅಣಶಿಯ ದಾರಿಯಲ್ಲಿ ಅರಣ್ಯ ಇಲಾಖೆಯ ಗೇಟು ಇರುತ್ತದಲ್ಲ, ಅದೇ ಇದು. ಪ್ರೋಗ್ರಾಮಿನ ಇಂಥ ಸಾಲಿಗೆ ಗೇಟು ಹಾಕು ಅಂದರೆ ಹಾಕುತ್ತದೆ. ಯಂತ್ರ ಒಂದೊಂದೇ ಸಾಲನ್ನು ಮಾಡುತ್ತ ಬಂದು ಆ ಸಾಲಿನ ಮುಂದೆ ಗಕ್ಕನೆ ನಿಲ್ಲುತ್ತದೆ. ಇನ್ನೊಂದು ವಾಚ್‌ಪಾಯಿಂಟ್. ಇದು ಸಾಲನ್ನು ಕಾಯುವುದಿಲ್ಲ, ಸಾಮಾನನ್ನು ಕಾಯುತ್ತದೆ. ಯಂತ್ರದ ನೆನಪು ಅಂದರೆ ಒಂದರ ಪಕ್ಕ ಒಂದು ಖೋಲಿ, ಒಂದೊಂದು ಖೋಲಿಯಲ್ಲಿ ಒಂದೊಂದು ಅಂಕಿ. ಈ ಖೋಲಿಯ ಅಂಕಿಯನ್ನು ಯಾರಾದರೂ ಬದಲಿಸಿದರೆ ಕೂಗು ಅಂದರೆ, ಅದು ಪ್ರೋಗ್ರಾಮನ್ನು ನಿಲ್ಲಿಸಿ ಕೂಗುತ್ತದೆ. ಇದಕ್ಕೆಂದೇ ಯಂತ್ರದ ಚಿಪ್‌ನೊಳಗೆ ನಾಲ್ಕು ಮಂದಿ ಕಾವಲುಗಾರರು. ಐದನೇ ಖೋಲಿಯನ್ನೂ ಕಾಯಿ ಅಂದರೆ, ಮಂದಿ ಇಲ್ಲ ಎಂದು ಮುಖಕ್ಕೆ ಹೇಳಬೇಕು. ಹೂಂ ಅಂದು ಒಳಗೆ ನಿದ್ದೆ ಹೊಡೆಯಬಾರದು. ತುಳಸಾ ಐದನೆಯದನ್ನು ಕೇಳಿ ನೋಡಿದಳು, ಆಗುವುದಿಲ್ಲ ಅಂದಿತು. ಹತ್ತು ಸಲ ಕೇಳಿದಳು, ಹತ್ತು ಸಲವೂ ಆಗುವುದಿಲ್ಲ ಅಂದಿತು. ಅವಳಿಗೆ ಆ ಡಿಬಗ್ಗರಿನ ಮೇಲೆ ಗೌರವ ಹುಟ್ಟಿತು. ಪರಸಪ್ಪ ಸಾಹೇಬರ ಕಟ್ಟಡದಲ್ಲಿ ಇದುವರೆಗೆ ಆಗುವುದಿಲ್ಲ ಅಂದವರು ಬೇರೆ ಯಾರೂ ಇರಲಿಲ್ಲ.

ಪಾಸು, ಪಾಸು, ಪಾಸು ಎಂದು ಅವಳು ವರದಿಯಲ್ಲಿ ಬರೆಯುತ್ತ ಕೂತಿದ್ದ ಒಂದು ಶುಕ್ರವಾರ ಹನ್ನೊಂದು ಗಂಟೆಗೆ ಹೊರಗೆ ಜೀಪು ನಿಂತಿತು.

ಇಳಿದವರು ಆಸಿಫ್ ಭಾಯಿ. ಹಳಿಯಾಳದ ಹೊರಗೆ ಪ್ಲೈವುಡ್ ಮಾಡಿಸುವವರು, ಡಬ್ಬಿ ಫ್ಯಾಕ್ಟರಿಯ ಹಳೆಯ ಗಿರಾಕಿ. ಕಂಕುಳಲ್ಲಿ ಒಂದು ಹಲಗೆ ಇತ್ತು. ಒಳಗೆ ಬಂದು ಅದನ್ನು ಸಾಹೇಬರ ಮೇಜಿನ ಮೇಲೆ ಒಗೆದರು. ಒಗೆಯುವಾಗ ಒಂದಿದ್ದ ಹಲಗೆ ಬಿದ್ದ ಮೇಲೆ ಐದಾಯಿತು.

"ಪರಸಪ್ಪಣ್ಣಾ, ಇದಕ್ಕ ಪ್ಲೈವುಡ್ ಅಂತಾರೇನ್ರಿ? ಫ್ಲೈವುಡ್ ಐತಿ ಇದು. ಫ್ಯಾನ್ ಹಚ್ರಿ, ಹಾರತೈತಿ!"

ಹಾಳೆಗಳಿಗೆ ಅಂಟು ಸವರಿ, ಒಂದರ ಮೇಲೊಂದು ಇಟ್ಟು, ಬಿಸಿ ಪ್ರೆಸ್ಸಿನ ಬಾಯಿಗೆ ಕೊಟ್ಟರೆ ಅದು ಹನ್ನೆರಡು ನಿಮಿಷ ಬಾಯಿ ಮುಚ್ಚಿಕೊಂಡು ಒತ್ತಬೇಕು. ಆ ನಿಮಿಷಗಳ ಲೆಕ್ಕ ಇಡುವುದು ಡಬ್ಬಿಯ ಕೆಲಸ. ಎರಡು ವರ್ಷ ಇಟ್ಟಿತ್ತು. ಈಗ ಒಂದು ತಿಂಗಳಿಂದ ಒಮ್ಮೊಮ್ಮೆ, ಎಲ್ಲ ಸಲ ಅಲ್ಲ, ಒಮ್ಮೊಮ್ಮೆ ಮಾತ್ರ, ಪ್ರೆಸ್ಸು ಬಾಯಿ ಮುಚ್ಚಿದ ಗಳಿಗೆಗೇ ತೆರೆದುಬಿಡುತ್ತಿತ್ತು.

"ಹಲೋ ಅಂದು ಫೋನ್ ಇಟ್ಟಂಗ ಮಾಡತೈತ್ರಿ," ಅಂದರು ಆಸಿಫ್ ಭಾಯಿ. "ನನಗ ಎರಡ ಬೇಕ. ಸರಿ ಮಾಡಿದ ಪ್ರೋಗ್ರಾಮ್ ಬೇಕ, ಸಂಜೀ ನಾಕಕ್ಕ ಒಯ್ತೇನಿ. ಮತ್ತ ಹೆಸರ ಬೇಕ. ಯಾರ್ ಮಾಡ್ಯಾರ ಹೇಳ್ರಿ. ನಮ್ಮ ಪ್ರೆಸ್ಸಿನ ಮಂದಿ ಬೈಸ್ಕೊಂಡು ಬೈಸ್ಕೊಂಡು ಸಾಕಾಗ್ಯಾರ. ತಪ್ಪ ಡಬ್ಬಿದು ಅಂತ ಹೇಳಿದ್ರ ನಗ್ತಾರ. ಡಬ್ಬಿಗೇನ ಅಪ್ಪ ಅವ್ವ ಇಲ್ಲೇನು?"

"ನಾಕರ ತನಕಾ ಯಾಕ್ರಿ? ಈಗ ಹೇಳ್ತೇನಿ ತಗೋರಿ," ಎಂದು ಎದ್ದವನು ದೇವರಾಜ.

ದೇವರಾಜ ಪ್ರೋಗ್ರಾಮ್ ವಿಭಾಗದ ಮುಖ್ಯಸ್ಥ. ಅವನ ಪ್ರೋಗ್ರಾಮುಗಳಲ್ಲಿ ತಪ್ಪು ಸಿಕ್ಕಿದ್ದು ಬಹಳ ಕಡಿಮೆ, ಯಾಕೆಂದರೆ ಅವನು ಬರೆದದ್ದೇ ಬಹಳ ಕಡಿಮೆ. ಆಸಿಫ್ ಭಾಯಿ ಹಿಂದಿನ ದಿನ ಫೋನಿನಲ್ಲಿ ಕೂಗಾಡಿದ್ದಾಗಲೇ ಅವನು ಹೊಸ ಡಿಬಗ್ಗರನ್ನು ತಂದು, ಪ್ರೆಸ್ಸಿನ ಪ್ರೋಗ್ರಾಮಿಗೆ ಹಚ್ಚಿ, ನಿಮಿಷ ಇಡುವ ಖೋಲಿಗೆ ಕಾವಲು ಕೂರಿಸಿದ್ದ. ಈಗ ಪರದೆಯನ್ನು ಎಲ್ಲರ ಕಡೆಗೆ ತಿರುಗಿಸಿದ. ಹಳೆಯ ಅಂಕಿ ಹನ್ನೆರಡು, ಹೊಸ ಅಂಕಿ ಸೊನ್ನೆ. ಅದರ ಕೆಳಗೆ ಒಂದು ಬಾಣ, ಬಾಣದ ಮುಂದೆ ಇನ್ನೂರಾ ಹನ್ನೆರಡನೇ ಸಾಲು.

"ಈ ಸಾಲು ಯಾರದ ಕೇಳ್ರಿ," ಅಂದ ದೇವರಾಜ.

ಕೇಳುವುದು ಬೇಕಿರಲಿಲ್ಲ. ಅದು ರೊಜಾರಿಯೊನದು. ಜೋಯಿಡಾ ಕಡೆಯ ಹುಡುಗ, ತುಳಸಾಳಂತೆಯೇ ಸಿದ್ದಿ, ನಾಲ್ಕು ವರ್ಷದಿಂದ ಇಲ್ಲಿ ಪ್ರೋಗ್ರಾಮ್ ಬರೆಯುವವ. ಪಕ್ಕದ ಮೇಜಿನಲ್ಲೇ ಕೂತಿದ್ದ ಅವನು ಬಾಣವನ್ನು ನೋಡಿ, ತನ್ನ ಎದೆಯನ್ನು ನೋಡಿಕೊಂಡ, ಅಲ್ಲೇ ನಾಟಿದೆಯೇನೋ ಅನ್ನುವ ಹಾಗೆ.

"ಅದು ನಂದು ಖರೆ," ಅಂದ. "ಆದ್ರ ಅದು ಸೊನ್ನಿ ಹಾಕೂದ ಇಲ್ರಿ. ಗುಬ್ಬಿ ತಿರುವಿದ್ರ ಹೊಸಾ ನಿಮಿಷ ತಗೋ, ತಿರುವಲಿಲ್ಲಂದ್ರ ಹಳೇದ ಇರ್ಲಿ. ಅಷ್ಟ ಐತಿ."

ಡಬ್ಬಿಯ ಮೇಲೆ ನಿಮಿಷ ಹೊಂದಿಸುವ ಒಂದು ಗುಬ್ಬಿ, ಅಂದರೆ ತಿರುಗಿಸುವ ಗುಂಡಿ, ಇತ್ತು. ಮೊದಲು ಪ್ರತಿ ಸಲವೂ ಆ ಗುಬ್ಬಿಯಿಂದ ನಿಮಿಷ ಓದಿಕೊಳ್ಳುವ ಸಾಲು ಅದು. ಪ್ರೆಸ್ಸಿನ ನಡುಕಕ್ಕೆ ಗುಬ್ಬಿಯೂ ನಡುಗಿ, ಹನ್ನೆರಡು ಒಮ್ಮೆ ಹನ್ನೊಂದು, ಒಮ್ಮೆ ಹದಿಮೂರು ಆಗುತ್ತಿತ್ತು. ಅದಕ್ಕೇ ರೊಜಾರಿಯೊ ಹೋದ ತಿಂಗಳು ಸಾಲನ್ನು ತಿದ್ದಿ, ಯಾರಾದರೂ ಗುಬ್ಬಿ ತಿರುಗಿಸಿದರೆ ಮಾತ್ರ ಓದು ಎಂದು ಬರೆದಿದ್ದ.

ದೇವರಾಜ ಬೆರಳು ಮಡಿಸಿದ. "ತಿದ್ದಿದ್ದು ಹ್ವಾದ ತಿಂಗಳ. ಜಗಳ ಸುರು ಆಗಿದ್ದು ಹ್ವಾದ ತಿಂಗಳ. ಬಾಣ ತೋರ್ಸೂದು ನಿನ್ನ ಸಾಲ. ಮತ್ತ ಇಡೀ ಆ ಜಾಗಾದಾಗ ನಿಮಿಷದ ಹೆಸರ ಇರೂದೂ ನಿನ್ನ ಸಾಲಿನ್ಯಾಗ ಒಂದ. ಇನ್ನ ಕೈಗೆ ಬೇಡಿ ಹಾಕೂದು ಅಷ್ಟ ಉಳದೈತಿ."

ಪರಸಪ್ಪ ಸಾಹೇಬರು ಕೆಟ್ಟವರಲ್ಲ, ಅವಸರದವರು. ಇಪ್ಪತ್ತು ವರ್ಷ ಬೇರೆಯವರ ಕಾರ್ಖಾನೆಗಳಲ್ಲಿ ಮೀಟರು ರಿಪೇರಿ ಮಾಡಿ, ನಲವತ್ತೈದನೇ ವಯಸ್ಸಿನಲ್ಲಿ ಪುಸ್ತಕ ಇಟ್ಟುಕೊಂಡು ಪ್ರೋಗ್ರಾಮ್ ಕಲಿತು, ಸ್ವಂತ ಡಬ್ಬಿ ಕಟ್ಟಿದವರು. ಮೇಜಿನ ಮೇಲೆ ಬಿದ್ದ ಐದು ಹಾಳೆಗಳನ್ನು ಅವರು ಒಂದರ ಮೇಲೊಂದು ಇಟ್ಟು ಒತ್ತಿ ನೋಡಿದರು. ಅಂಟಲಿಲ್ಲ.

"ನಾಕ ವರ್ಷ ಮಗನಂಗ ಇಟ್ಕೊಂಡಿದ್ದೆ," ಅಂದರು. "ಮಂದಿ ಮುಂದ ಮಾರಿ ತೆಗಿಲಾರದಂಗ ಮಾಡಿದಿ. ದೇವರಾಜಾ, ಇವನ್ನ ಕೆಲಸದಿಂದ ಬಿಡ್ತೇವಿ ಅಂತ ಒಂದ ಪತ್ರ ಟೈಪ್ ಮಾಡು. ನಾಕಕ್ಕ ಆಸಿಫ್ ಭಾಯಿ ಮುಂದನ ಸಹಿ ಮಾಡ್ತೇನಿ."

ರೊಜಾರಿಯೊ ಎದ್ದು ಹಿಂದಿನ ಬಾಗಿಲಿನಿಂದ ಹೊರಗೆ ಹೋದ. ತುಳಸಾ ಎರಡು ನಿಮಿಷ ಬಿಟ್ಟು ಹಿಂದೆ ಹೋದಳು. ಅವನು ತಗಡಿನ ತುಂಡುಗಳ ಗುಡ್ಡೆಯ ಪಕ್ಕ ನೀರಿನ ಟಾಕಿಗೆ ಆತು ನಿಂತಿದ್ದ.

"ತುಳಸಕ್ಕಾ, ಒಂದ ಕೆಲಸ ಮಾಡು. ನಿನ್ನ ವರದಿ ಒಳಗ ಡಿಬಗ್ಗರ್ ಫೇಲ್ ಅಂತ ಬರೀ. ವಾಚ್‌ಪಾಯಿಂಟ್ ಸುಳ್ಳ ಹೇಳತೈತಿ ಅಂತ ಬರೀ. ಅದು ಸುಳ್ಳಾದ್ರ ಬಾಣಾನೂ ಸುಳ್ಳು."

"ಅದು ಸುಳ್ಳ ಹೇಳಿಲ್ಲಲ್ಲೋ."

"ಹಂಗಾದ್ರ ನಾ ಸುಳ್ಳ ಹೇಳೇನಿ?"

"ನೀನೂ ಹೇಳಿಲ್ಲ."

"ಎರಡೂ ಹೆಂಗ ಆಗತೈತಿ, ಅಕ್ಕಾ? ಕೋರ್ಟಿನ್ಯಾಗ ಇಬ್ಬರೂ ಗೆದ್ದದ್ದು ನೀ ಎಲ್ಲೆ ನೋಡಿದಿ?"

ತುಳಸಾ ನಕ್ಕಳು. "ಇಲ್ಲೆ ನೋಡ್ತೀ ಬಾ. ಬಾಣ ನಿಂತಾಗ ನಿನ್ನ ಸಾಲು ಓಡೇತೋ, ಇಲ್ಲೋ?"

"ಓಡೇತಿ. ಅದಕ್ಕ ಅಲ್ಲ ಹಿಡದದ್ದು?"

"ಓಡಿಲ್ಲ. ಇನ್ನೂ ಓಡಿಲ್ಲ. ಈ ಡಿಬಗ್ಗರಿನ ಬಾಣ ತೋರ್ಸೂದು ಮಾಡಿದ ಸಾಲಲ್ಲ, ಮುಂದ ಮಾಡೂ ಸಾಲು. ಇದನ್ನ ನಾ ಹದಿನೈದ ದಿನದಿಂದ ದಿನಾ ನೋಡಾಕ ಹತ್ತೇನಿ. ನೀ ಇನ್ನ ಮನಿ ಹೊಸ್ತಲಾನೂ ದಾಟಿಲ್ಲ, ನಿನ್ನ ಮ್ಯಾಲೆ ಕಳುವಿನ ಕೇಸ್ ಹಾಕ್ಯಾರ."

ರೊಜಾರಿಯೊನ ಮುಖದಲ್ಲಿ ಬೆಳಕು ಬಂತು, ಮತ್ತೆ ಹೋಯಿತು. "ಹಂಗಾದ್ರ ಮಾಡಿದಂವ ಯಾರು?"

"ಗೊತ್ತಿಲ್ಲ."

"ಆಸಿಫ್ ಭಾಯಿ ಹೆಸರ ಕೇಳ್ಯಾರ, ಅಕ್ಕಾ. ಯಾರ ಹೆಸರೂ ಸಿಗಲಿಲ್ಲಂದ್ರ ನನ್ನ ಹೆಸರ ತಯಾರೈತಿ."

ಅದು ನಿಜವಾಗಿತ್ತು. ಇವನಲ್ಲ ಎಂದು ಸಾಬೀತು ಮಾಡುವುದು ಸುಲಭ. ಇಂಥವನು ಎಂದು ತೋರಿಸದೆ ಹೋದರೆ ಆ ಸಾಬೀತು ನಾಲ್ಕು ಗಂಟೆಯ ತನಕವೂ ಬಾಳುವುದಿಲ್ಲ. ತುಳಸಾ ಗಡಿಯಾರ ನೋಡಿದಳು. ಹನ್ನೆರಡೂವರೆ. ಸಂಶಯಕ್ಕೆ ಮೂರೂವರೆ ಗಂಟೆ ಅಂದರೆ ಧಾರಾಳವಾಯಿತು.

ಒಳಗೆ ಬಂದು ಅವಳು ದೇವರಾಜನ ಕುರ್ಚಿಯ ಪಕ್ಕ ನಿಂತಳು. "ದೇವರಾಜಣ್ಣಾ, ಸ್ವಲ್ಪ ಸರೀರಿ. ಡಿಬಗ್ಗರ್ ನನ್ನ ಕೈಯಾಗಿನ ಸಾಮಾನು. ಅದರ ಸಾಕ್ಷಿ ಮ್ಯಾಲೆ ಒಬ್ಬನ ಕೆಲಸಾ ಹೊಂಟೈತಿ ಅಂದ್ರ, ಅದು ಏನ ಹೇಳತೈತಿ ಅನ್ನೂದನ್ನ ನಾ ಹೇಳಬೇಕು."

"ನಿಮ್ಮಂವ ಅಂತ ವಕೀಲಕಿ ಮಾಡಾಕ ಬಂದಿ ಏನು?"

"ವಕೀಲಕಿ ಅಲ್ರಿ. ಟೆಸ್ಟರ್. ವಕೀಲರು ಒಂದ ಕಡೆ ಇರ್ತಾರ. ನಾ ಯಾರ ಕಡೆನೂ ಇಲ್ಲ, ನಿಮ್ಮ ಕಡೆನೂ ಇಲ್ಲ."

ಆಸಿಫ್ ಭಾಯಿಗೆ ಈ ಮಾತು ಹಿಡಿಸಿತು. ಕುರ್ಚಿ ಎಳೆದುಕೊಂಡು ಕೂತರು. ಸಾಹೇಬರೂ ಬಂದರು.

ತುಳಸಾ ಮೊದಲು ಮೂರೇ ಸಾಲಿನ ಒಂದು ಆಟದ ಪ್ರೋಗ್ರಾಮ್ ಬರೆದಳು. ಮೊದಲ ಸಾಲು ಖೋಲಿಯಲ್ಲಿ ಐದು ಇಡುತ್ತದೆ. ಎರಡನೆಯದು ಅಲ್ಲೇ ಒಂಬತ್ತು ಇಡುತ್ತದೆ. ಮೂರನೆಯದು ಪರದೆಯ ಮೇಲೆ ನಮಸ್ಕಾರ ಎಂದು ಬರೆಯುತ್ತದೆ, ಖೋಲಿಯ ಗೊಡವೆಗೇ ಹೋಗುವುದಿಲ್ಲ. ಮೊದಲ ಸಾಲು ಮುಗಿದ ಮೇಲೆ ಖೋಲಿಗೆ ಕಾವಲು ಹಾಕಿ ಓಡಿಸಿದಳು. ಹಳೆಯದು ಐದು, ಹೊಸದು ಒಂಬತ್ತು. ಬಾಣ ನಿಂತದ್ದು ಮೂರನೇ ಸಾಲಿನ ಮುಂದೆ.

"ಒಂಬತ್ತು ಇಟ್ಟಂವ ಯಾರು?" ಕೇಳಿದಳು.

"ಎರಡನೇದಂವ," ಅಂದರು ಆಸಿಫ್ ಭಾಯಿ.

"ಬಾಣ ಯಾರ ಮ್ಯಾಲೆ ಐತಿ?"

"ನಮಸ್ಕಾರ ಅನ್ನಾವನ ಮ್ಯಾಲೆ. ಅಯ್ ಪಾಪ!"

"ನಾಟಾ ಡಿಪೋದ ವಾಚ್‌ಮನ್‌ನ ನೆನಸ್ರಿ. ದಿಮ್ಮಿ ಉರುಳಿದ ಮ್ಯಾಲೆ ಸೀಟಿ ಊದ್ತಾನ, ಉರುಳೂಕಿಂತ ಮೊದಲ ಊದಾಕ ಅಂವಗೇನ ಕನಸ ಬಿದ್ದಿರ್ತೈತಿ? ಸೀಟಿ ಕೇಳಿ ನಾವು ಓಡಿ ಬರೂದ್ರಾಗ ಉರುಳಿಸಿದಂವ ಹೋಗಿರ್ತಾನ. ಮುಂದಿನ ಪಾಳಿಯಂವ ಬುತ್ತಿ ಹಿಡ್ಕೊಂಡು ಬಾಗಲದಾಗ ನಿಂತಿರ್ತಾನ. ನಾವು ಅವನ ಕೊಳ್ಳಪಟ್ಟಿ ಹಿಡದೇವಿ. ಇದರಾಗ ವಾಚ್‌ಮನ್‌ಂದೂ ತಪ್ಪಿಲ್ಲ, ಬುತ್ತಿಯವಂದೂ ತಪ್ಪಿಲ್ಲ."

"ಅದು ಆಟದ ಪ್ರೋಗ್ರಾಮ್," ಅಂದ ದೇವರಾಜ. "ಮೂರ ಸಾಲಿನ ಮಾತು. ಪ್ರೆಸ್ಸಿಂದು ಎಂಟನೂರ ಸಾಲ ಐತಿ."

"ಹಂಗಾದ್ರ ಎಂಟನೂರಾಗ ನೋಡೂಣು ಬರ್ರಿ."

ತುಳಸಾ ಪ್ರೆಸ್ಸಿನ ಪ್ರೋಗ್ರಾಮ್ ತೆರೆದು, ರೊಜಾರಿಯೊನ ಇನ್ನೂರಾ ಹನ್ನೆರಡನೇ ಸಾಲನ್ನು ಅಳಿಸಿಯೇ ಬಿಟ್ಟಳು. ರೊಜಾರಿಯೊ 'ಹಾಂ' ಎಂದು ಅರ್ಧ ಎದ್ದ. ಕಳ್ಳನೇ ಇಲ್ಲದ ಮನೆಗೆ ಈಗ ಕಾವಲು. ಮೇಜಿನ ಮೇಲಿದ್ದ ಡಬ್ಬಿಯ ನಿಮಿಷದ ಖೋಲಿಯಲ್ಲಿ ಡಿಬಗ್ಗರಿನಿಂದಲೇ ಹನ್ನೆರಡು ಇಟ್ಟಳು, ಗುಬ್ಬಿ ಮುಟ್ಟದೆ ಹೊಸ ಹಲಗೆ ಶುರು ಅನ್ನುವ ಗುಂಡಿ ಒತ್ತಿದಳು.

ಪರದೆ ನಿಂತಿತು. ಹಳೆಯದು ಹನ್ನೆರಡು, ಹೊಸದು ಸೊನ್ನೆ.

"ರೊಜಾರಿಯೊನ ಸಾಲ ಇಲ್ಲ. ಆದ್ರೂ ಸೊನ್ನಿ ಆತು," ಅಂದಳು. "ಈಗ ಬಾಣ ಯಾರ ಮ್ಯಾಲೆ ಐತಿ ನೋಡ್ರಿ."

ಕೆಳಗಿನ ಸಾಲು ಒಂದು ಮೆಟ್ಟಿಲು ಮೇಲೆ ಬಂದು ಈಗ ಅದೇ ಇನ್ನೂರಾ ಹನ್ನೆರಡು ಆಗಿತ್ತು. ಡಬ್ಬಿಯ ಹಸಿರು ದೀಪ ಹಚ್ಚುವ ಸಾಲು ಅದು. ಇಡೀ ಪ್ರೋಗ್ರಾಮಿನಲ್ಲಿ ದೇವರಾಜ ಸ್ವಂತ ಕೈಯಿಂದ ಬರೆದ ಮೂರು ಸಾಲುಗಳಲ್ಲಿ ಒಂದು.

ಆಸಿಫ್ ಭಾಯಿ ದೇವರಾಜನ ಭುಜದ ಮೇಲೆ ಕೈ ಇಟ್ಟರು. "ದೇವರಾಜಣ್ಣಾ, ನೀವೂ ಏನು?"

"ಏ, ನಂದ ದೀಪದ್ದರಿ! ನಿಮಿಷಕ್ಕೂ ನನಗೂ ಸಂಬಂಧ ಇಲ್ಲ!" ದೇವರಾಜನ ಮುಖದಲ್ಲಿ ಹಸಿರೊಂದನ್ನು ಬಿಟ್ಟು ಎಲ್ಲ ದೀಪಗಳೂ ಹತ್ತಿದವು. "ಡಿಬಗ್ಗರಿಗೆ ಹುಚ್ಚ ಹಿಡದೈತಿ. ಫೇಲ್ ಅಂತ ಬರೀ ತುಳಸಾ, ಪುಣೆದವರಿಗೆ ಫೇಲ್ ಅಂತ ಬರದು ಕಳಸು!"

"ಇವತ್ತಿಗೆ ಇದು ಎರಡನೇ ಅರ್ಜಿರಿ," ಅಂದಳು ತುಳಸಾ. "ಬಾಣ ಮೈಮ್ಯಾಲೆ ಬಂದವರೆಲ್ಲಾ ಅದನ್ನ ಹೇಳ್ತಾರ."

ರೊಜಾರಿಯೊ ಮೊದಲ ಸಲ ನಕ್ಕ. ಸಾಹೇಬರು ನಗಲಿಲ್ಲ. ಅವರ ಹಣೆಯ ಗೆರೆಗಳು ಹತ್ತಿರ ಬಂದಿದ್ದವು. "ಇವನೂ ಅಲ್ಲ, ಅವನೂ ಅಲ್ಲ ಅಂದ್ರ ಸೊನ್ನಿ ಹಾಕಿದಂವ ಯಾರವ್ವಾ? ಗಾಳಿ?"

"ಬಾಣದ ಹಿಂದಿನವರ್ನ ಕೇಳಬೇಕ್ರಿ. ಮುಂದ ನಿಂತವರ್ನ ಕೇಳಿದ್ದು ಸಾಕು."

ಈಗ ಬ್ರೇಕ್‌ಪಾಯಿಂಟಿನ ಸರದಿ. ಖೋಲಿಯಲ್ಲಿ ಮತ್ತೆ ಹನ್ನೆರಡು ಇಟ್ಟು, ಇನ್ನೂರಾ ಐದನೇ ಸಾಲಿಗೆ ಗೇಟು ಹಾಕಿ ಯಂತ್ರವನ್ನು ಅಲ್ಲಿ ನಿಲ್ಲಿಸಿದಳು. ಅಲ್ಲಿಂದ ಮುಂದೆ ಒಂದೊಂದೇ ಸಾಲು ನಡೆಸುವುದು, ಪ್ರತಿ ಸಾಲು ಮುಗಿದ ಮೇಲೂ ನಿಮಿಷದ ಖೋಲಿಯಲ್ಲಿ ಇಣುಕಿ ನೋಡುವುದು. ಇನ್ನೂರಾ ಐದು ಮುಗಿಯಿತು, ಹನ್ನೆರಡು. ಇನ್ನೂರಾ ಆರು ಮುಗಿಯಿತು, ಹನ್ನೆರಡು. ಆಸಿಫ್ ಭಾಯಿ ಪ್ರತಿ ಸಲವೂ ಅಂಕಿಯನ್ನು ಗಟ್ಟಿಯಾಗಿ ಓದತೊಡಗಿದರು.

ಇನ್ನೂರಾ ಏಳು ಬಂತು. ಪರಸಪ್ಪ ಸಾಹೇಬರು ಎರಡೂ ಕೈ ಸ್ವಲ್ಪ ಜೋಡಿಸಿ, "ಅದನ್ನ ದಾಟಿಸಿ ಬಿಡವ್ವಾ. ಅದು ಶ್ರೀ ಐತಿ," ಅಂದರು.

ಸಾಹೇಬರಿಗೆ ಶ್ರೀ ಬರೆಯದೆ ಯಾವ ಕೆಲಸವೂ ಶುರುವಾಗುತ್ತಿರಲಿಲ್ಲ. ಪತ್ರದ ತಲೆಗೆ ಶ್ರೀ, ಡಬ್ಬಿಯ ಬೆನ್ನಿಗೆ ಅರಿಷಿಣದಲ್ಲಿ ಶ್ರೀ, ಕಿರಾಣಿ ಚೀಟಿಯಲ್ಲೂ ಉಪ್ಪು ಮೆಣಸಿನಕಾಯಿಗಿಂತ ಮೊದಲು ಶ್ರೀ. ಪ್ರೋಗ್ರಾಮ್ ಕಲಿತಾಗ ಅವರಿಗೆ ಒಂದು ತೊಡಕು ಬಂತು. ತಲೆಯಲ್ಲಿ ಟಿಪ್ಪಣಿಯಾಗಿ ಶ್ರೀ ಎಂದು ಬರೆಯಬಹುದಿತ್ತು, ಆದರೆ ಟಿಪ್ಪಣಿಯನ್ನು ಯಂತ್ರ ಓದುವುದಿಲ್ಲ, ಹಾರಿಸಿಬಿಡುತ್ತದೆ ಎಂದು ಪುಸ್ತಕ ಹೇಳಿತ್ತು. ಮಾಡುವವನೇ ಓದದ ಶ್ರೀ ಎಂಥ ಶ್ರೀ? ಅದಕ್ಕೇ ಅವರು ಯಂತ್ರದ ನೆನಪಿನಲ್ಲೇ ಶ್ರೀಯನ್ನು ಬರೆಸುವ ಸಾಲುಗಳನ್ನು ಹಾಕಿದ್ದರು. ಇಂಗ್ಲಿಷಿನ ಎಸ್, ಎಚ್, ಆರ್, ಐ, ಒಂದೊಂದಕ್ಕೆ ಒಂದೊಂದು ಸಾಲು. ಪ್ರತಿ ಹೊಸ ಹಲಗೆಯೂ ಹೊಸ ಕೆಲಸವೇ ಆದ್ದರಿಂದ ಪ್ರತಿ ಹಲಗೆಗೂ ಒಂದು ಶ್ರೀ. ಡಬ್ಬಿ ಫ್ಯಾಕ್ಟರಿಯ ಎಲ್ಲ ಪ್ರೋಗ್ರಾಮಿನಲ್ಲೂ ಇದು ಇತ್ತು. ಪತ್ರ ಓದುವವರ ಕಣ್ಣು ತಲೆಯ ಮೇಲಿನ ಶ್ರೀಯನ್ನು ದಾಟಿ ಕೆಳಗಿನಿಂದ ಓದುತ್ತದಲ್ಲ, ಹಾಗೆ ಇಲ್ಲಿ ಎಲ್ಲರ ಕಣ್ಣೂ ಆ ಸಾಲುಗಳನ್ನು ದಾಟಿ ಕೆಳಗಿಳಿಯುತ್ತಿತ್ತು. ಒಂಬತ್ತು ವರ್ಷ ತುಳಸಾಳ ಕಣ್ಣೂ ದಾಟಿತ್ತು.

"ಶ್ರೀನೂ ಸಾಲ ಐತ್ರಿ, ಸಾಹೇಬ್ರ," ಅಂದಳು. "ನಡಕೊಂಡ ದಾಟೂಣು. ಹಾರೂದು ಬ್ಯಾಡ."

ಎಸ್ ಮುಗಿಯಿತು. "ಹನ್ನೆರಡು," ಅಂದರು ಆಸಿಫ್ ಭಾಯಿ. ಎಚ್ ಮುಗಿಯಿತು, ಹನ್ನೆರಡು. ಆರ್, ಹನ್ನೆರಡು. ಐ, ಹನ್ನೆರಡು. ಸಾಹೇಬರು ಉಸಿರು ಬಿಟ್ಟು ಹಿಂದಕ್ಕೆ ಒರಗಿದರು. ಆದರೆ ಅವರೇ ಬರೆದ ಇನ್ನೊಂದು ಸಾಲು ಉಳಿದಿತ್ತು, ಇನ್ನೂರಾ ಹನ್ನೊಂದು. ಪದ ಮುಗಿದ ಮೇಲೆ ಮುಗಿಯಿತು ಎಂದು ತಿಳಿಯಲು ಕೊನೆಗೊಂದು ಸೊನ್ನೆ ಇಡಬೇಕು ಎಂದು ಪುಸ್ತಕದಲ್ಲಿತ್ತು. ಇಟ್ಟಿದ್ದರು. ತುಳಸಾ ಗುಂಡಿ ಒತ್ತಿದಳು.

ಆಸಿಫ್ ಭಾಯಿ ಹನ್ನೆರಡು ಅನ್ನಲು ಬಾಯಿ ತೆರೆದರು. ಹಾಗೆಯೇ ಇಟ್ಟುಕೊಂಡರು. ಖೋಲಿಯಲ್ಲಿ ಸೊನ್ನೆ ಇತ್ತು.



"ಆಗೂದ ಶಕ್ಯ ಇಲ್ಲ," ಅಂದರು ಸಾಹೇಬರು. "ಆ ಸಾಲಿನ್ಯಾಗ ನಿಮಿಷದ ಹೆಸರ ಎಲ್ಲೈತಿ ತೋರ್ಸು?"

"ಹೆಸರ ಇಲ್ರಿ. ಹೆಸರ ಹೇಳಿ ಯಾರ ಬಂದ ಕೂಡತಾರ್ರಿ? ಶ್ರೀಗೆ ನೀವು ಎಷ್ಟ ಖೋಲಿ ಇಟ್ಟೀರಿ?"

"ನಾಕ ಅಕ್ಷರ. ನಾಕ ಖೋಲಿ."

"ಸೊನ್ನಿ?"

ಸಾಹೇಬರು ಬೆರಳು ಮಡಿಸಿದರು. ಎಸ್, ಎಚ್, ಆರ್, ಐ. ಹೆಬ್ಬೆರಳು ಉಳಿಯಿತು. ಅದನ್ನು ಅವರು ಬಹಳ ಹೊತ್ತು ನೋಡಿದರು.

"ನಾಕ ಮಂದಿಗೆ ಹಾಸಿ ಐದ ಮಂದಿನ ಕರದೀರಿ," ಅಂದಳು ತುಳಸಾ ಮೆತ್ತಗೆ. "ಐದನೇದಂವ ಎಲ್ಲಿ ಹೋಗಬೇಕ್ರಿ? ಪಕ್ಕದ ಖೋಲಿಗೆ ಹೋಗಿ ಕುಂತಾನ. ಪಕ್ಕದ್ದು ನಿಮಿಷದ್ದು."

ದೇವರಾಜನಿಗೆ ಒಂದು ಹುಲ್ಲುಕಡ್ಡಿ ಕಂಡಿತು. "ಹಂಗಾದ್ರ ಎರಡ ವರ್ಷ ಯಾಕ ಆಗಿರಲಿಲ್ಲ? ಇಂವ ತಿದ್ದಿದ ಮ್ಯಾಲೆ ಯಾಕ ಆತು?"

ಉತ್ತರ ಹೇಳಿದವನು ರೊಜಾರಿಯೊ. ಅದು ಅವನಿಗೆ ಆಗಷ್ಟೇ ಹೊಳೆದಿತ್ತು, ಹೊಳೆದ ರಭಸಕ್ಕೆ ಎದ್ದು ನಿಂತಿದ್ದ. "ಮೊದಲ ನನ್ನ ಸಾಲು ಪ್ರತಿ ಸಲಾನೂ ಗುಬ್ಬಿಯಿಂದ ನಿಮಿಷ ಓದತಿತ್ತಲ್ಲರಿ! ಮ್ಯಾಲಿನ ಸಾಲು ಸೊನ್ನಿ ಹಾಕೂದು, ನನ್ನದು ಅದರ ಮ್ಯಾಲೆ ಹನ್ನೆರಡು ಹಾಕೂದು. ಹ್ವಾದ ತಿಂಗಳಿಂದ ಗುಬ್ಬಿ ತಿರುವಿದ್ರಷ್ಟ ಹಾಕತೈತಿ. ಪ್ರೆಸ್ಸಿನ ಮಂದಿ ಹಲಗಿಗೊಮ್ಮೆ ಗುಬ್ಬಿ ತಿರುವ್ತಾರ, ಮರತಾಗಷ್ಟ ಸೊನ್ನಿ ಉಳೀತೈತಿ. ಅದಕ್ಕ ಒಮ್ಮೊಮ್ಮೆ ಆಗೂದು! ಎರಡ ವರ್ಷ ಸಾಹೇಬ್ರು ಚೆಲ್ಲ್ಯಾರ, ನಾ ಒರಸೇನಿ. ಒರಸೂದ ಬಿಟ್ಟ ಕೂಡ್ಲೆ ನಾ ಚೆಲ್ಲಿದಂಗ ಆತು!"

ಹೇಳಿದ ಮೇಲೆ ಯಾರ ಮುಂದೆ ಏನು ಹೇಳಿದೆ ಎಂದು ತಿಳಿದು ಅವನು ನಾಲಿಗೆ ಕಚ್ಚಿಕೊಂಡ. ಸಾಹೇಬರು ಅವನನ್ನು ನೋಡಲಿಲ್ಲ. ಪರದೆಯನ್ನೇ ನೋಡುತ್ತಿದ್ದರು.

ಮೂರು ಗಂಟೆಯಾಗಿತ್ತು. ಟೈಪಾದ ಪತ್ರ ಸಾಹೇಬರ ಮೇಜಿನ ಮೇಲೆ, ಸಹಿಯ ಜಾಗ ಖಾಲಿ ಬಿಟ್ಟುಕೊಂಡು ಮಲಗಿತ್ತು.

"ಹಂಗಾದ್ರ ಹೆಸರ?" ಎಂದು ಕೇಳಿದರು ಆಸಿಫ್ ಭಾಯಿ. ಉತ್ತರ ಗೊತ್ತಿದ್ದವರು ಕೇಳುವ ಹಾಗೆ, ಛಾವಣಿ ನೋಡುತ್ತ.

ದೇವರಾಜ ಸಾಹೇಬರ ಕಿವಿಯ ಹತ್ತಿರ ಬಾಗಿದ. ಆದರೆ ಅವನ ಪಿಸುಮಾತು ಗಣೇಶಗುಡಿಯ ತನಕ ಕೇಳುವಂಥದ್ದು. "ಸಾಹೇಬ್ರ, ನಮ್ಮ ಮಾತು ಯಂತ್ರಕ್ಕ ತಿಳಿಸಿ ಹೇಳೂ ಕಂಪೈಲರಿಂದು ತಪ್ಪು ಅಂತ ಹೇಳಿ ಬಿಡೂಣ್ರಿ."

"ಕಂಪೈಲರ್ ಅಂದ್ರ ಯಾ ಊರವ್ರು?" ಅಂದರು ಆಸಿಫ್ ಭಾಯಿ. "ಇಷ್ಟೊತ್ತನ ಯಾಕ ಕರಸಲಿಲ್ಲ ಅವರ್ನ?"

ತುಳಸಾ ತನ್ನ ವರದಿಯನ್ನು ತೆರೆದಳು. ವಾಚ್‌ಪಾಯಿಂಟ್ ನಿಜವಾದ ಕೆಲಸದಲ್ಲಿ ಒಂದು ತಪ್ಪು ಹಿಡಿದರೆ ಅದನ್ನು ಉದಾಹರಣೆಯಾಗಿ ಬರೆಯಿರಿ ಎಂದು ಪುಣೆಯವರು ಕೇಳಿದ್ದರು. ಬರೆದಳು. ನಿಮಿಷದ ಖೋಲಿ ಬದಲಾಗಿದೆ. ಬಾಣ ನಿಂತದ್ದು ಇನ್ನೂರಾ ಹನ್ನೆರಡರ ಮುಂದೆ. ಬದಲಿಸಿದ್ದು ಇನ್ನೂರಾ ಹನ್ನೊಂದು. ಡಿಬಗ್ಗರ್ ಪಾಸು. ಕೆಳಗೆ ಒಂದು ಖಾನೆ ಇತ್ತು, ಆ ಸಾಲು ಬರೆದವರು ಯಾರು ಎಂದು. ಅಲ್ಲಿಗೆ ಬಂದು ಅವಳು ಕೀಲಿಮಣೆಯನ್ನು ಸಾಹೇಬರ ಕಡೆಗೆ ಸರಿಸಿದಳು.

"ಇಲ್ಲೆ ಬರದವರ ಹೆಸರ ಹಾಕಬೇಕ್ರಿ."

"ನೀನ ಹಾಕವ್ವಾ," ಅಂದರು ಅವರು.

"ನಾ ಹಾಕಿದ್ರ ಆರೋಪ ಆಗತೈತ್ರಿ. ನೀವ ಹಾಕಿದ್ರ ಬರೇ ಹೆಸರ ಆಗತೈತಿ."

ಪರಸಪ್ಪ ಸಾಹೇಬರು ಕನ್ನಡಕ ಏರಿಸಿಕೊಂಡರು. ಅವರು ಪ್ರೋಗ್ರಾಮ್ ಬರೆದದ್ದೂ ಎರಡು ಬೆರಳಲ್ಲಿ, ಈಗ ಹೆಸರು ಬರೆದದ್ದೂ ಎರಡು ಬೆರಳಲ್ಲಿ. ಒಂದೊಂದು ಅಕ್ಷರಕ್ಕೂ ಕೀಲಿ ಹುಡುಕಬೇಕಾಯಿತು. ಹುಡುಕಿದರು. ಮುಗಿದ ಮೇಲೆ ಆಸಿಫ್ ಭಾಯಿಯ ಕಡೆ ತಿರುಗಿ, "ಓದ್ಕೋರಿ. ಹಳಿಯಾಳದಾಗ ಹೋಗಿ ಇದನ್ನ ಹೇಳ್ರಿ," ಅಂದರು. ಆಮೇಲೆ ಪತ್ರವನ್ನು ಎತ್ತಿ, ಎರಡಾಗಿ ಹರಿದು, ನಾಲ್ಕಾಗಿ ಹರಿದು, ರೊಜಾರಿಯೊನ ಕೈಯಲ್ಲಿ ಇಟ್ಟರು. "ಸಿಟ್ಟ ಮಾಡ್ಕೋಬ್ಯಾಡೋ. ಅವಸರಾ ಮಾಡಿದೆ."

ರೊಜಾರಿಯೊ ಚೂರುಗಳನ್ನು ಹಿಡಿದುಕೊಂಡು, "ಇರ್ಲಿ ಬಿಡ್ರಿ," ಅಂದ. ಆ 'ಇರ್ಲಿ'ಯಲ್ಲಿ ಸಿಟ್ಟು ಇನ್ನೂ ಸ್ವಲ್ಪ ಇತ್ತು. ಇರಬೇಕಾದ್ದೇ.

ಸಾಹೇಬರು ತುಳಸಾಳ ಹತ್ತಿರ ದನಿ ತಗ್ಗಿಸಿದರು. "ಶ್ರೀ ತಗೀಬೇಕಾಗತೈತೇನವ್ವಾ?"

"ಯಾಕ್ರಿ? ಇನ್ನೊಂದ ಖೋಲಿ ಕೊಡ್ರಿ. ಕರದ ಮ್ಯಾಲೆ ಹಾಸಾಕ ಕಂಜೂಸಿ ಮಾಡಬಾರದು."

ಅವರೇ ಕೂತು ನಾಲ್ಕನ್ನು ಐದು ಮಾಡಿದರು. ಉಳಿದದ್ದು ತುಳಸಾ ಅಳಿಸಿದ್ದ ರೊಜಾರಿಯೊನ ಸಾಲು. ಅದನ್ನು ಮತ್ತೆ ಹಾಕಬೇಕಿತ್ತು. ರೊಜಾರಿಯೊ ಕೀಲಿಮಣೆಗೆ ಕೈ ಚಾಚಿದ.

"ನೀ ಕೂಡು," ಅಂದರು ಸಾಹೇಬರು. "ದೇವರಾಜ ಟೈಪ್ ಹೊಡೀತಾನ. ನೀ ಹೇಳು."

ದೇವರಾಜ ಕುರ್ಚಿ ಎಳೆದುಕೊಂಡ. ರೊಜಾರಿಯೊ ಕೈಕಟ್ಟಿ ಹಿಂದೆ ನಿಂತು, ಒಂದೊಂದೇ ಪದ, ನಡುನಡುವೆ ಧಾರಾಳ ಜಾಗ ಬಿಟ್ಟು ಹೇಳತೊಡಗಿದ. ಆವರಣ ತೆಗೀರಿ. ಗುಬ್ಬಿ. ಆವರಣ ಮುಚ್ಚರಿ. ಇಲ್ರಿ, ಅದು ಗುಂಡದು, ಮೂಲಿದಲ್ಲ. ಆಸಿಫ್ ಭಾಯಿ ಗಡಿಯಾರ ನೋಡಿಕೊಂಡರು, ಆದರೆ ಅವಸರ ಮಾಡಲಿಲ್ಲ.

"ಆತೇನು?" ಅಂದ ದೇವರಾಜ, ಮುಗಿಸಿ ಎಂಟರ್ ಹೊಡೆದು.

ತಪ್ಪಿದೆ ಎಂದು ಪರದೆ ಕೆಂಪಾಯಿತು. ಸಾಲಿನ ಕೊನೆಗೆ ಹಾಕಬೇಕಾದ ಅರ್ಧವಿರಾಮ ಬಿಟ್ಟುಹೋಗಿತ್ತು.

"ಯಾರ್ದು ತಪ್ಪು ಅಂತ ಹುಡುಕೂಣ್ರೇನು, ದೇವರಾಜಣ್ಣಾ?" ಕೇಳಿದ ರೊಜಾರಿಯೊ.

"ಹೇಳೋ ಮಾರಾಯಾ, ಎಲ್ಲೆ ಹಾಕ್ಲಿ," ಅಂದ ದೇವರಾಜ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಜೀಪು ಹೊರಟಿತು. ಸರಿ ಮಾಡಿದ ಪ್ರೋಗ್ರಾಮಿನ ಫ್ಲಾಪಿ ಆಸಿಫ್ ಭಾಯಿಯ ಜೇಬಿನಲ್ಲಿ, ರೊಜಾರಿಯೊ ಮುಂದಿನ ಸೀಟಿನಲ್ಲಿ. ಪ್ರೆಸ್ಸಿನ ಮಂದಿಯ ಎದುರಿಗೆ ಗುಬ್ಬಿ ಮುಟ್ಟದೆ ಹತ್ತು ಹಲಗೆ ಒತ್ತಿಸಿ ತೋರಿಸಿಯೇ ಅವನು ಬರಬೇಕು ಎಂದು ಆಸಿಫ್ ಭಾಯಿ ಹಟ ಹಿಡಿದಿದ್ದರು. ಹತ್ತು ಯಾಕ್ರಿ, ಇಪ್ಪತ್ತು ಒತ್ತೂಣು ಅಂದಿದ್ದ ರೊಜಾರಿಯೊ.